ಚಿಕ್ಕಪ್ಪನ ಆರಂಕಿ ಪಿನ್ ಹುಡುಕಿದ್ದು

ಗಾಂಧಿಬಜಾರಿನಲ್ಲಿ ನಮ್ಮ ಚಿಕ್ಕಪ್ಪನದೊಂದು ಗ್ರಂಧಿಗೆ ಅಂಗಡಿ. ಅದರ ಬಿಲ್ಲಿಂಗ್ ಪ್ರೋಗ್ರಾಂ ಕಾಲೇಜಿನಲ್ಲಿದ್ದಾಗ ನಾನೇ ಬರೆದದ್ದು. ಒಂದು ಭಾನುವಾರ ಫೋನ್ ಬಂತು: "ಏನೋ, ನಿನ್ ಸಾಫ್ಟ್‌ವೇರು ಯಜಮಾನನ್ನೇ ಒಳಗೆ ಬಿಡ್ತಿಲ್ವಲ್ಲೋ!" ಪಿನ್ ಮರೆತಿದ್ದರು. ಹೊಸದು ಕೂರಿಸುವುದು ಎರಡು ನಿಮಿಷದ ಕೆಲಸ. ಆದರೆ ಹಳೇ ಸಾಲದ ಲೆಕ್ಕಕ್ಕೂ ಅದೇ ಪಿನ್ನಿನ ಬೀಗ. ಹಳೆಯದೇ ಬೇಕು.

ಪಿನ್ ಅನ್ನು ಹಾಗೇ ಉಳಿಸಿರಲಿಲ್ಲ, ಅಷ್ಟು ಬುದ್ಧಿ ಆಗಲೇ ಇತ್ತು. ಶಾ-256 ಅನ್ನೋ ಹ್ಯಾಶ್ (ಏನೇ ಕೊಟ್ಟರೂ ಕಲಸಿ ಒಂದೇ ಉದ್ದದ ಗುರುತು ಕೊಡುವ ಲೆಕ್ಕ) ಬಳಸಿ ಎಚ್‌ಮ್ಯಾಕ್ ಮಾಡಿ, ಬಂದ 64 ಅಕ್ಷರಗಳನ್ನು ಡೇಟಾಬೇಸಿಗೆ ಹಾಕಿದ್ದೆ. ಎಚ್‌ಮ್ಯಾಕ್ ಅಂದರೆ ಸಾದಾ ಹ್ಯಾಶ್ ಅಲ್ಲ, ಇದಕ್ಕೆ ಗುಟ್ಟಿನ ಕೀ ಒಂದು ಬೇಕು. ನನ್ನ ಕೀ 128 ಬಿಟ್‌ನದು. ಅದು ಕಳೆದಿದ್ದರೆ ಸಾಲದ ಲೆಕ್ಕಕ್ಕೆ ಎಳ್ಳುನೀರು. ಪುಣ್ಯಕ್ಕೆ, ಅಲ್ಲ, ನನ್ನ ಸೋಮಾರಿತನಕ್ಕೆ, ಅದೇ ಕಂಪ್ಯೂಟರಿನ ಫೈಲೊಂದರಲ್ಲಿ ಬಿದ್ದಿತ್ತು.

ಹ್ಯಾಶನ್ನು ಹಿಂದಕ್ಕೆ ತಿರುಗಿಸಲಾಗದು ಅಂತಾರೆ. ತಿರುಗಿಸುವುದು ಯಾಕೆ? ಆರಂಕಿ ಪಿನ್ನುಗಳು ಇರುವುದೇ 10 ಲಕ್ಷ. ಒಂದೊಂದಕ್ಕೂ ಎಚ್‌ಮ್ಯಾಕ್ ಮಾಡಿ ತಾಳೆ ನೋಡಿದರಾಯಿತು. ಪೈಥಾನ್ ಭಾಷೆಯಲ್ಲಿ ಹತ್ತು ಸಾಲಿನ ಕೋಡ್. ಅಂಗಡಿ ಹುಡುಗ ಕಾಫಿ ಲೋಟ ಕೆಳಗಿಡುವ ಐದು ಸೆಕೆಂಡಿನಲ್ಲಿ ಮುಗಿಯಿತು. ಒಂದೂ ತಾಳೆಯಾಗಲಿಲ್ಲ.

ಅಂಗಡಿ ಹುಡುಗನಿಗೂ ಬೇರೆ ಪಿನ್ ಇತ್ತು, ಅದು 123456 ಅನ್ನೋದು ಬೀದಿಗೆಲ್ಲ ಗೊತ್ತು. ಅದನ್ನೇ ಹಾಕಿ ನೋಡಿದೆ. ಅದೂ ಕೂಡಲಿಲ್ಲ. ಅಂದರೆ ನನ್ನ ಕೀಯೇ ಸರಿಯಿಲ್ಲ. ಈ ಪರೀಕ್ಷೆ ಮೊದಲೇ ಮಾಡಬೇಕಿತ್ತು. ಹಳೇ ಕೋಡ್ ತೆಗೆದರೆ, ಕೀ ಫೈಲಿನ ಕೊನೆಯಲ್ಲಿ ಒತ್ತಿದ್ದ ಎಂಟರನ್ನೂ ಸೇರಿಸಿಯೇ ಓದಿಕೊಂಡಿದೆ. ಹೊಸ ಸ್ಕ್ರಿಪ್ಟಿನಲ್ಲಿ ನಾನದನ್ನು ಒರೆಸಿಹಾಕಿದ್ದೆ. ತಮಾಷೆಯೆಂದರೆ, ಕೀ 64 ಬೈಟಿಗಿಂತ (ಒಂದು ಬೈಟು ಅಂದರೆ 8 ಬಿಟ್) ಗಿಡ್ಡವಾಗಿದ್ದರೆ ಎಚ್‌ಮ್ಯಾಕ್ ತಾನೇ ಸೊನ್ನೆ ಬೈಟುಗಳನ್ನು ತುಂಬಿಕೊಳ್ಳುತ್ತದೆ. ಬಾಲಕ್ಕೆ ಅಂಟಿದ್ದು ಸೊನ್ನೆ ಬೈಟಾಗಿದ್ದರೆ ಉತ್ತರ ಬದಲಾಗುತ್ತಲೇ ಇರಲಿಲ್ಲ. ಎಂಟರಿನ ಬೈಟು 10. ಅದೊಂದಕ್ಕೆ ಇಡೀ ಉತ್ತರವೇ ತಲೆಕೆಳಗು.

ಎಂಟರ್ ವಾಪಸ್ ಸೇರಿಸಿದೆ, ಹುಡುಗನದು ಕೂಡಿತು. ಚಿಕ್ಕಪ್ಪನದು ಮಾತ್ರ ಊಹೂಂ.

ಕಾಫಿ ಮುಗಿಯುವ ಹೊತ್ತಿಗೆ ಹೊಳೆಯಿತು. ಪಿನ್ನುಗಳನ್ನು ಸೊನ್ನೆಯಿಂದ ಒಂದೊಂದಾಗಿ ಎಣಿಸುವ ನನ್ನ ಲೂಪು 427 ಬಂದಾಗ ಬರೀ 427 ಅಂತ ಕೊಡುತ್ತಿತ್ತು, 000427 ಅಂತ ಅಲ್ಲ. ಸೊನ್ನೆಯಿಂದ ಶುರುವಾಗುವ 1 ಲಕ್ಷ ಪಿನ್ನುಗಳನ್ನು ಮುಟ್ಟಿಯೇ ಇರಲಿಲ್ಲ. ಮುಂದೆ ಸೊನ್ನೆ ತುಂಬಿಸಿ ಓಡಿಸಿದ್ದೇ ತಡ, 05ರಿಂದ ಶುರುವಾಗುವ ಪಿನ್ನೊಂದು ತೆರೆಯ ಮೇಲೆ ಬಂತು.

"ಅಯ್ಯೋ, ನಮ್ ಸ್ಕೂಟರ್ ನಂಬರ್ರು ಕಣೋ!" ಕೆಎ-05ರ ಆ 05, ಹಿಂದೆ ನಾಲ್ಕಂಕಿ.

ಚಿಕ್ಕಪ್ಪ ಲೆಕ್ಕ ತೆರೆದು ಬಾಕಿಯವರ ಹೆಸರು ಓದತೊಡಗಿದರು. ನನ್ನ ಕಣ್ಣು ಪಕ್ಕದ ಕಾಲಮ್ಮಿಗೆ ಹೋಯಿತು: ಗಿರಾಕಿಗಳ ಮೊಬೈಲ್ ನಂಬರುಗಳು, ಅದೇ ಕೀಯಲ್ಲಿ ಎಚ್‌ಮ್ಯಾಕ್ ಆದವು. 6, 7, 8, 9ರಿಂದ ಶುರುವಾಗುವ ಹತ್ತಂಕಿ ನಂಬರುಗಳು ಹೆಚ್ಚೆಂದರೆ 400 ಕೋಟಿ. ಐದು ಸೆಕೆಂಡಿಗೆ 10 ಲಕ್ಷ ಮುಗಿಸಿದ ಈ ಡಬ್ಬಾ ಕಂಪ್ಯೂಟರಿಗೂ ಆರು ಗಂಟೆಯೊಳಗಿನ ಕೆಲಸ. ಊಟಕ್ಕೆ ಮನೆಗೆ ಹೋಗುವ ಯೋಚನೆ ಬಿಟ್ಟು, ಹುಡುಗನಿಗೆ ಇನ್ನೊಂದು ಕಾಫಿ ಹೇಳಿದೆ.