ಆಫೀಸನ್ನು ಕ್ಲೌಡ್‌ಗೆ ಸಾಗಿಸುವುದು ಹೇಗೆ?

ಗೂಗಲ್ ವರ್ಕ್‌ಸ್ಪೇಸ್, ಮೈಕ್ರೋಸಾಫ್ಟ್ 365ರಂಥ ಸೇವೆಗೆ ಚಂದಾ ಕಟ್ಟಿ ಎಲ್ಲರಿಗೂ ಒಂದೊಂದು ಖಾತೆ ಕೊಟ್ಟ ಮಾತ್ರಕ್ಕೆ ಆಫೀಸು ಕ್ಲೌಡ್‌ಗೆ, ಅಂದರೆ ಇಂಟರ್ನೆಟ್ ಮೂಲಕ ಬಳಸುವ ಕಂಪ್ಯೂಟರ್‌ಗಳಿಗೆ, ಹೋಗುವುದಿಲ್ಲ. ತಿಂಗಳುಗಟ್ಟಲೆ ಆದರೂ ಅರ್ಧ ಜನ ಹಳೇ ಸರ್ವರ್‌ನಲ್ಲೇ ಫೈಲ್ ತೆರೆಯುತ್ತಿರುತ್ತಾರೆ, ಇನ್ನರ್ಧ ಜನ ಹೊಸ ಡ್ರೈವ್‌ನಲ್ಲಿ. ಯಾವ ಪ್ರತಿ ಸರಿ ಅಂತ ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಎಲ್ಲಕ್ಕಿಂತ ಮೊದಲು ಒಂದು ತಾರೀಕು ಗೊತ್ತುಮಾಡಿ. ಅವತ್ತಿನಿಂದ ಹಳೇ ಫೋಲ್ಡರ್ ಓದುವುದಕ್ಕೆ ಮಾತ್ರ, ಬರೆಯುವುದಕ್ಕಲ್ಲ. ಉಳಿದ ಕೆಲಸಗಳನ್ನು ಆ ತಾರೀಕಿನೊಳಗೆ ಮುಗಿಯುವಂತೆ ಜೋಡಿಸಿಕೊಳ್ಳಿ.

ಹೆಜ್ಜೆ 1: ಇರುವುದೇನು ನೋಡಿ

ಸರ್ವರ್‌ನಲ್ಲಿ ಇರುವುದನ್ನೆಲ್ಲ ಅಪ್‌ಲೋಡ್ ಮಾಡುವುದು ಸುಮ್ನೆ ದಂಡ. ಫೈಲ್‌ಗಳನ್ನು ಕೊನೆಯದಾಗಿ ತಿದ್ದಿದ ದಿನದ ಪ್ರಕಾರ ಜೋಡಿಸಿ. ವರ್ಷಗಳಿಂದ ಯಾರೂ ಮುಟ್ಟದವು ಬೇರೆ ಡಿಸ್ಕ್‌ಗೆ ಹೋಗಲಿ.

ಆಮೇಲೆ ಸರ್ಚ್‌ನಲ್ಲಿ ಎಕ್ಸ್‌ಎಲ್‌ಎಸ್‌ಎಂ (.xlsm) ಎಂಬ ಎಕ್ಸ್‌ಟೆನ್ಷನ್ ಹುಡುಕಿ. ಇವು ಮ್ಯಾಕ್ರೋ, ಅಂದರೆ ಕೆಲಸವನ್ನು ತಾನಾಗಿ ಮಾಡುವ ಪುಟ್ಟ ಪ್ರೋಗ್ರಾಂ, ಇರುವ ಎಕ್ಸೆಲ್ ಫೈಲ್‌ಗಳು. ನಿಜವಾದ ತಲೆನೋವು ಇಲ್ಲೇ ಇರುವುದು. ಸಂಬಳದ ಲೆಕ್ಕ ಹಾಕುವ ಯಾವುದೋ ಶೀಟ್‌ನಲ್ಲಿ ಒಂದು ಬಟನ್ ಇರುತ್ತದೆ, ಒತ್ತಿದರೆ ಇಡೀ ತಿಂಗಳ ಪಟ್ಟಿ ತಯಾರು. ಅದೇ ಫೈಲನ್ನು ಬ್ರೌಸರ್‌ನಲ್ಲಿ ತೆರೆದರೆ ಅಂಕಿಗಳೆಲ್ಲ ಕಾಣುತ್ತವೆ, ಬಟನ್ ಮಾತ್ರ ಸತ್ತಿರುತ್ತದೆ. ಎಕ್ಸೆಲ್‌ನ ವೆಬ್ ಆವೃತ್ತಿಯಲ್ಲಿ ವಿಬಿಎ ಎಂಬ ಭಾಷೆಯಲ್ಲಿ ಬರೆದ ಈ ಮ್ಯಾಕ್ರೋ ಓಡುವುದಿಲ್ಲ. ಗೂಗಲ್ ಶೀಟ್ಸ್‌ನಲ್ಲಾದರೆ ಅದನ್ನು ಗೂಗಲ್‌ನದೇ ಆದ ಆ್ಯಪ್ಸ್ ಸ್ಕ್ರಿಪ್ಟ್‌ನಲ್ಲಿ ಹೊಸದಾಗಿ ಬರೆಯಬೇಕು. ಅಷ್ಟು ಪುರುಸೊತ್ತಿಲ್ಲದಿದ್ದರೆ ಅಕೌಂಟ್ಸ್ ವಿಭಾಗದ ಒಂದೆರಡು ಕಂಪ್ಯೂಟರ್‌ಗಳಲ್ಲಿ ಹಳೇ ಎಕ್ಸೆಲ್ ಹಾಗೇ ಇರಲಿ. ಅದರಲ್ಲಿ ತಪ್ಪೇನೂ ಇಲ್ಲ.

ಗಾತ್ರವನ್ನೂ ನೋಡಿ. ಎಕ್ಸೆಲ್‌ನ ಒಂದು ಶೀಟ್ 10,48,576 ಸಾಲು ಹಿಡಿಯುತ್ತದೆ. ಗೂಗಲ್ ಶೀಟ್ಸ್‌ನಲ್ಲಿ ಒಂದು ಫೈಲ್‌ಗೆ ಒಟ್ಟು 1 ಕೋಟಿ ಕೋಶಗಳ ಮಿತಿ. 20 ಕಾಲಂ ಇದ್ದರೆ 5 ಲಕ್ಷ ಸಾಲಿಗೇ ಮುಗಿಯಿತು. ಇನ್ನು ಯೂನಿಕೋಡ್ ಅಲ್ಲದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಪತ್ರಗಳು ಬ್ರೌಸರ್‌ನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ. ಅವನ್ನು ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ಹೆಜ್ಜೆ 2: ಫೈಲ್ ಯಾರದ್ದು?

ಒಬ್ಬರ ಸ್ವಂತ ಡ್ರೈವ್‌ನಲ್ಲಿಟ್ಟು ಹಂಚಿಕೊಂಡ ಫೈಲ್ ಅವರದ್ದೇ ಆಗಿ ಉಳಿಯುತ್ತದೆ. ಗೂಗಲ್‌ನಲ್ಲಿ ಶೇರ್ಡ್ ಡ್ರೈವ್, ಮೈಕ್ರೋಸಾಫ್ಟ್‌ನಲ್ಲಿ ಶೇರ್‌ಪಾಯಿಂಟ್ ಬಳಸಿದರೆ ಒಡೆತನ ಸಂಸ್ಥೆಯದ್ದು. ವಿಭಾಗಕ್ಕೊಂದು ಮಾಡಿ, ಅಷ್ಟು ಸಾಕು. ‘ಲಿಂಕ್ ಇರುವ ಯಾರು ಬೇಕಾದರೂ’ ಎಂಬ ಆಯ್ಕೆಯನ್ನು ಅಡ್ಮಿನ್ ಕಡೆಯಿಂದಲೇ ಮುಚ್ಚಿಬಿಡಿ. ಎರಡು ಹಂತದ ಪರಿಶೀಲನೆ ಎಲ್ಲರಿಗೂ ಕಡ್ಡಾಯ, ಮೇಲಧಿಕಾರಿಗಳಿಗೂ.

ಹೆಜ್ಜೆ 3: ಒಂದು ತಂಡ ಮೊದಲು

ಮೊದಲು ಸಾಗಿಸುವುದಕ್ಕೆ ಜಾಸ್ತಿ ಗೊಣಗುವ ತಂಡವನ್ನೇ ಆರಿಸಿಕೊಳ್ಳಿ. ತೊಂದರೆಗಳ ಪಟ್ಟಿ ಬೇಗ ಸಿಗುತ್ತದೆ.

ಹೆಜ್ಜೆ 4: ಮೇಲ್

ಡೊಮೇನ್‌ನ ಎಂಎಕ್ಸ್ ರೆಕಾರ್ಡ್ (ಮೇಲ್ ಯಾವ ಸರ್ವರ್‌ಗೆ ಬರಬೇಕು ಎಂದು ಹೇಳುವ ದಾಖಲೆ) ಬದಲಿಸುವುದನ್ನು ರಜಾದಿನಕ್ಕೆ ಇಟ್ಟುಕೊಳ್ಳಿ. ಒಂದೆರಡು ದಿನ ಮುಂಚೆಯೇ ಅದರ ಟಿಟಿಎಲ್ ಅವಧಿ (ಬೇರೆ ಸರ್ವರ್‌ಗಳು ಹಳೇ ದಾಖಲೆಯನ್ನು ನೆನಪಿಟ್ಟುಕೊಳ್ಳುವ ಸಮಯ) ಇಳಿಸಿ, ಬದಲಾವಣೆ ಬೇಗ ಹರಡುತ್ತದೆ. ಆದರೂ ಕೆಲವು ಮೇಲ್ ಹಳೇ ಸರ್ವರ್‌ಗೇ ಬರಬಹುದು. ಕೆಲವು ದಿನ ಅದನ್ನು ನಿಲ್ಲಿಸಬೇಡಿ. ಮೇಲ್ ನಿಜಕ್ಕೂ ನಿಮ್ಮದೇ ಎಂದು ತೋರಿಸುವ ಎಸ್‌ಪಿಎಫ್, ಡಿಕೆಐಎಂ ರೆಕಾರ್ಡ್‌ಗಳನ್ನು ಮರೆತರೆ ನಿಮ್ಮ ಪತ್ರಗಳು ಸ್ಪ್ಯಾಮ್‌ಗೆ ಬೀಳುವ ಸಾಧ್ಯತೆ ಜಾಸ್ತಿ. ಮೂಲೆಯಲ್ಲಿರುವ ಸ್ಕ್ಯಾನರ್ ಕೂಡ ಹಳೇ ಸರ್ವರ್ ಮೂಲಕವೇ ಮೇಲ್ ಕಳಿಸುತ್ತಿರಬಹುದು ಅಲ್ವಾ? ಅದರ ಸೆಟ್ಟಿಂಗ್ ಸಹ ಬದಲಿಸಬೇಕು.

ಹೆಜ್ಜೆ 5: ಬೀಗ

ಹೇಳಿದ ದಿನವೇ ಹಳೇ ಫೋಲ್ಡರ್ ಅನ್ನು ‘ಓದಲು ಮಾತ್ರ’ ಮಾಡಿ. ‘ಇನ್ನೊಂದು ವಾರ’ ಅನ್ನುವವರು ಇದ್ದೇ ಇರುತ್ತಾರೆ, ಮಣಿಯಬೇಡಿ. ತರಬೇತಿಯಲ್ಲಿ ಎರಡೇ ಸಂಗತಿ ಕಲಿಸಿದರೂ ಸಾಕು: ಫೈಲ್ ಲಗತ್ತಿಸುವ ಬದಲು ಲಿಂಕ್ ಕಳಿಸುವುದು, ಯಾರೋ ಏನೋ ಅಳಿಸಿದರೆ ವರ್ಷನ್ ಹಿಸ್ಟರಿಯಿಂದ ಹಿಂದಿನ ರೂಪ ವಾಪಸ್ ತರುವುದು.

ಹೆಜ್ಜೆ 6: ಬ್ಯಾಕಪ್, ಖಾತೆ

ಸಿಂಕ್ (ಎಲ್ಲ ಕಂಪ್ಯೂಟರ್‌ಗಳಲ್ಲೂ ಫೈಲ್ ಒಂದೇ ರೀತಿ ಇಡುವುದು) ಅಂದರೆ ಬ್ಯಾಕಪ್ ಅಲ್ಲ. ಒಂದು ಕಡೆ ಅಳಿಸಿದರೆ ಎಲ್ಲ ಕಡೆ ಅಳಿಯುತ್ತದೆ, ಗೂಗಲ್ ಡ್ರೈವ್‌ನ ಕಸದಬುಟ್ಟಿ 30 ದಿನಕ್ಕೆ ಖಾಲಿಯಾಗುತ್ತದೆ. ಬೇರೆ ಕಡೆ ಒಂದು ಪ್ರತಿ ಇರಲಿ. ಕೆಲಸ ಬಿಟ್ಟವರ ಖಾತೆ ಅಳಿಸುವ ಮುಂಚೆ ಅವರ ಫೈಲ್‌ಗಳನ್ನು ಬೇರೆಯವರಿಗೆ ವರ್ಗಾಯಿಸಿ. ಅಳಿಸಿದ ಖಾತೆಯನ್ನು ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ 20 ದಿನದೊಳಗೆ, ಮೈಕ್ರೋಸಾಫ್ಟ್ 365ರಲ್ಲಿ 30 ದಿನದೊಳಗೆ ವಾಪಸ್ ತರಬಹುದು. ಆಮೇಲೆ ಸಿಗುವುದಿಲ್ಲ.