ವಾಕಿಟಾಕಿಯ ಗುಂಡಿ ಒತ್ತಿ, ಒಂದು ಕ್ಷಣ ತಡೆದು ಮಾತನಾಡಿ

ಚಾರಣಕ್ಕೆ ವಾಕಿಟಾಕಿ ಒಯ್ಯುವವರು ಗುಂಡಿ ಒತ್ತಿದ ಮೇಲೆ ಒಂದು ಸೆಕೆಂಡ್ ತಡೆದು ಮಾತು ಆರಂಭಿಸಿ, ಮಾತು ಪೂರ್ತಿ ಮುಗಿದ ಮೇಲೆಯೇ ಬೆರಳು ತೆಗೆಯಿರಿ. ಟೋನ್ (ತಮ್ಮ ಗುಂಪಿನ ಕರೆಯನ್ನಷ್ಟೇ ಗುರುತಿಸಲು ಮಾತಿನ ಜೊತೆ ಹೋಗುವ ಸಂಕೇತ ಸ್ವರ) ಹಾಕಿದ ಸೆಟ್‌ಗಳಲ್ಲಂತೂ ಇದು ತೀರಾ ಮುಖ್ಯ: ಆ ಕಡೆಯ ಸೆಟ್ ಟೋನನ್ನು ಗುರುತಿಸಿ ಸ್ಪೀಕರ್ ತೆರೆಯಲು ತುಸು ಹೊತ್ತು ಬೇಕು. ಅವಸರಿಸಿದರೆ ಮೊದಲ ಪದವೇ ನುಂಗಿಹೋಗುತ್ತದೆ. ‘ನಿಧಾನವಾಗಿ ಇಳಿಯಿರಿ’ ಎಂದದ್ದು ಬರೀ ‘ಇಳಿಯಿರಿ’ ಎಂದು ಕೇಳಿಸಿದರೆ ಜಾರುವ ಬಂಡೆಯ ಮೇಲೆ ಅಪಾಯ ಖಂಡಿತ. ಸೆಟ್ಟನ್ನು ನೆಟ್ಟಗೆ, ಬಾಯಿಂದ ಎರಡು ಮೂರು ಅಂಗುಲ ದೂರ ಹಿಡಿಯಿರಿ. ಆಂಟೆನಾ ಇಲ್ಲದೆ ಗುಂಡಿ ಒತ್ತಲೇಬೇಡಿ, ಸೆಟ್ ಕೆಟ್ಟೀತು. ಭಾರತದಲ್ಲಿ 446.0–446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ಸೆಟ್‌ಗಳಿಗೆ ಪರವಾನಗಿ ವಿನಾಯಿತಿ ಇದೆ, ಕೊಳ್ಳುವಾಗ ಅದನ್ನು ನೋಡಿಯೇ ಕೊಳ್ಳಿ. ಇಬ್ಬರು ಒಮ್ಮೆಲೇ ಒತ್ತಿದರೆ ಅಥವಾ ನಡುವೆ ಗುಡ್ಡ ಅಡ್ಡ ಬಂದರೆ ಎಷ್ಟು ತಡೆದರೂ ಪ್ರಯೋಜನವಿಲ್ಲ. ಸ್ವಲ್ಪ ಎತ್ತರಕ್ಕೆ ಹತ್ತಿ ಮತ್ತೆ ಕರೆಯಿರಿ.