ಕೂಳೆ ಉಳಿದ ಗದ್ದೆ

ನನ್ನ ಸಂಶೋಧನೆಯನ್ನು ನನಗಿಂತ ಚೆನ್ನಾಗಿ ಹೇಳಿದವರು ನಮ್ಮಪ್ಪ. ಮಂಡ್ಯದ ಪಕ್ಕ, ವಿಶ್ವೇಶ್ವರಯ್ಯ ನಾಲೆಯ ನೀರಿಗೆ ಕಬ್ಬು ಬೆಳೆಯುವವರು. ನಾನು ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಮುಗಿಸಿ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನ ಸಂಶೋಧನೆ ಹಿಡಿದು ಕೂತ ಮೇಲೆ, ಊರಿಗೆ ಹೋದಾಗಲೆಲ್ಲ "ಇನ್ನೂ ಅದೇನವ್ವ ಓದ್ತಿದ್ದೀಯೆ?" ಅನ್ನೋರು. ಒಂದು ಸಲ ಬಿಡಿಸಿ ಹೇಳಿದೆ. ಕಿಮೋ ಕೊಟ್ಟರೆ ಕ್ಯಾನ್ಸರ್ ಕಣಗಳು ಕಾಣದ ಹಾಗೆ ಆಗ್ತವೆ, ಕೆಲವರಿಗೆ ಮತ್ತೆ ಬರ್ತದೆ, ಎಲ್ಲಿಂದ ಬರ್ತದೆ ಅಂತ ಹುಡುಕ್ತಿದ್ದೀನಿ ಅಪ್ಪಾ. ಅಪ್ಪ ನಕ್ಕರು. "ಕಬ್ಬು ಕಡ್ದು ಕೂಳೆ ಬುಟ್ರೆ ಬರ್ದೆ ಇನ್ನೇನ್ ಆಯ್ತದೆ?"

ವಿಜ್ಞಾನಿಗಳಿಗೆ ಆ ಕೂಳೆ ಸಿಗಲು ದಶಕಗಳೇ ಹಿಡಿದವು. 1961ರಲ್ಲಿ ಟೊರಾಂಟೊದ ಟಿಲ್ ಮತ್ತು ಮೆಕಲಕ್, ವಿಕಿರಣದಿಂದ ಮಜ್ಜೆ (ಮೂಳೆಯೊಳಗೆ ರಕ್ತ ಹುಟ್ಟುವ ಮೆತ್ತನೆಯ ಭಾಗ) ಸತ್ತ ಇಲಿಗಳಿಗೆ ಬೇರೆ ಇಲಿಯ ಮಜ್ಜೆ ಚುಚ್ಚಿ, ಗುಲ್ಮದ (ಸ್ಪ್ಲೀನ್) ಮೇಲೆ ಎದ್ದ ಗಂಟುಗಳನ್ನು ಎಣಿಸಿದರು. ಒಂದೊಂದು ಗಂಟೂ ಒಂದೇ ಕೋಶದ ಸಂತಾನ. ಬೇರೆಲ್ಲ ರಕ್ತಕೋಶಗಳಿಗೂ ತಾಯಿಯಾದ ಕಾಂಡಕೋಶಗಳ ಅಧ್ಯಯನಕ್ಕೆ ಅಡಿಪಾಯ ಬಿದ್ದದ್ದು ಹಾಗೆ. ಅದೇ ಊರಿನ ಜಾನ್ ಡಿಕ್ ತಂಡ 1994ರಲ್ಲಿ, ಮೈಲಾಯ್ಡ್ ಎಂಬ ಬಗೆಯ ಲ್ಯುಕೇಮಿಯಾದ ಎಲ್ಲ ಕೋಶಗಳಿಗೂ ಇಲಿಯಲ್ಲಿ ರೋಗ ಎಬ್ಬಿಸುವ ತಾಕತ್ತಿಲ್ಲ ಎಂದು ತೋರಿಸಿತು. ಎರಡೂವರೆ ಲಕ್ಷಕ್ಕೆ ಒಂದು, ಅಷ್ಟೇ. ಆ ಅಂಕಿ ಮೊದಲು ಓದಿದಾಗ ಅಚ್ಚಿನ ತಪ್ಪಿರಬೇಕು ಅಂದುಕೊಂಡಿದ್ದೆ.

ನಾನು ಮಾಡಿದ್ದು ಇಲಿಯ ಕೆಲಸವಲ್ಲ, ತಟ್ಟೆಯ ಕೆಲಸ. ಆಸ್ಪತ್ರೆಯಿಂದ ಎರಡು ಮಿ.ಲೀ. ಮಜ್ಜೆ ಬರುತ್ತಿತ್ತು, ಹೆಸರಿಲ್ಲ, ಬರೀ ಸಂಖ್ಯೆ. ಅದನ್ನು ತೆಳು ಮಾಡಿ ಫೈಕಾಲ್ ದ್ರಾವಣದ ಮೇಲೆ ಮೆಲ್ಲಗೆ ಇಳಿಸಿ ಅರ್ಧ ಗಂಟೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ, ನಡುವೆ ಕೆನೆಯಂಥ ತೆಳು ಪದರ ನಿಲ್ಲುತ್ತದೆ. ನಮಗೆ ಬೇಕಾದ ಕೋಶಗಳಿರುವುದು ಅದರಲ್ಲೇ. ಯಂತ್ರದ ಬ್ರೇಕ್ ಆಫ್ ಮಾಡಿರಬೇಕು. ಮೊದಲ ದಿನ ಮರೆತೆ, ಗಕ್ಕನೆ ನಿಂತು ಪದರವೆಲ್ಲ ಕಲಸಿಹೋಯಿತು.

ಆಮೇಲೆ ಆ ಕೋಶಗಳನ್ನು ಬೆರೆಸಿ ಬೆಳೆಸುವ ಮಿಥೈಲ್ ಸೆಲ್ಯುಲೋಸ್. ಗಂಜಿಗಿಂತ ಗಟ್ಟಿ, ಪಿಪೆಟ್ಟಿಗೆ ಏರುವುದಿಲ್ಲ. ಮೊಂಡು ಸೂಜಿಯ ಸಿರಿಂಜಿನಲ್ಲಿ ಎಳೆದು, ಗುಳ್ಳೆ ಇಳಿಯುವ ತನಕ ಕಾದು ತಟ್ಟೆಗೆ ಸುರಿಯಬೇಕು. ಕೋಶ ಅದರಲ್ಲಿ ಅತ್ತಿತ್ತ ಈಜಲಾರದು, ಕೂತಲ್ಲೇ ಮರಿ ಹಾಕುತ್ತದೆ. ಇನ್‌ಕ್ಯುಬೇಟರ್ ಪೆಟ್ಟಿಗೆಯಲ್ಲಿ 37 ಡಿಗ್ರಿ, ಶೇ. 5 ಕಾರ್ಬನ್ ಡೈಆಕ್ಸೈಡ್, ಹದಿನಾಲ್ಕು ದಿನ. ಆರೋಗ್ಯವಂತ ಮಜ್ಜೆಯಾದರೆ ಕೆಂಪು ಗೊಂಚಲು, ಬಿಳಿ ಗೊಂಚಲು ಎರಡೂ ಮೂಡುತ್ತವೆ, ನೋಡಲು ಚಂದ. ಲ್ಯುಕೇಮಿಯಾದ ತಟ್ಟೆಯಲ್ಲಿ ಹಲವು ಸಲ ಪುಡಿಪುಡಿ ಗುಂಪುಗಳು, ಕೆಂಪು ಬಲು ಅಪರೂಪ. ಎಣಿಸಿ ಎಣಿಸಿ ಕತ್ತು ನೋವು ಬಂತೇ ಹೊರತು ಬೇಸರ ಬರಲಿಲ್ಲ. (ಎಣಿಸುವ ಕೆಲಸ ವಿದ್ಯಾರ್ಥಿಗಳದ್ದು ಅನ್ನುವ ಹಿರಿಯರನ್ನು ನಾನು ನಂಬುವುದಿಲ್ಲ.)

ಒಂದು ಯುಗಾದಿಗೆ ಮೂರು ದಿನ ಊರಿಗೆ ಹೋದೆ. ಇನ್‌ಕ್ಯುಬೇಟರ್ ಒಳಗಿನ ನೀರಿನ ಟ್ರೇ ತುಂಬಿಸಲು ಮರೆತಿದ್ದೆ. ಮೈಸೂರಿನ ಬಿರುಬಿಸಿಲು ಬೇರೆ. ಹೋಳಿಗೆ ತಿಂದು ಬಂದು ನೋಡಿದರೆ ತಟ್ಟೆಗಳೆಲ್ಲ ಒಣಗಿ ಹಪ್ಪಳ. ಹನ್ನೊಂದು ದಿನದ ಬೆಳೆ. ಆ ರೋಗಿಯ ಮಜ್ಜೆ ಮತ್ತೆ ಕೇಳುವ ಹಾಗಿರಲಿಲ್ಲ. ಇನ್ನೊಬ್ಬರ ಸೊಂಟದ ಮೂಳೆಗೆ ಸೂಜಿ ಚುಚ್ಚಿ ತೆಗೆದದ್ದನ್ನು ನಾನು ಒಣಗಿಸಿದ್ದೆ. ಅಂದಿನಿಂದ ದೊಡ್ಡ ತಟ್ಟೆಯೊಳಗೆ ಇವುಗಳ ಜೊತೆ ನೀರಿನದ್ದೊಂದು ಪುಟ್ಟ ತಟ್ಟೆ ಇಡುತ್ತೇನೆ, ಪ್ರತಿ ಮಾದರಿಯಲ್ಲೂ ಒಂದು ಪಾಲನ್ನು ದ್ರವ ಸಾರಜನಕದಲ್ಲಿ ಮೊದಲೇ ಮುಳುಗಿಸಿ ಕಾಪಿಡುತ್ತೇನೆ.

"ಕೂಳೆ ಕಿತ್ತಾಕೋಕೆ ಏನ್ ಅಡ್ಡಿ?" ಅಂದಿದ್ದರು ಅಪ್ಪ. ಅಡ್ಡಿ ಇದೆ. ರೋಗದ ಕೂಳೆಯೂ ಒಳ್ಳೆಯ ಕಾಂಡಕೋಶವೂ ಒಂದೇ ಮಣ್ಣಲ್ಲಿ ಅಕ್ಕಪಕ್ಕ, ಎರಡೂ ಮಲಗಿರುತ್ತವೆ. ಬೇಗ ಬೇಗ ಹೆಚ್ಚುವ ಕೋಶವನ್ನು ಹೊಡೆಯುವ ಔಷಧಿಗೆ ಮಲಗಿದ್ದು ಸಿಗುವುದಿಲ್ಲ. ಮಜ್ಜೆ ಕಸಿಗಾಗಿ 1990ರಲ್ಲಿ ಅಮೆರಿಕದ ವೈದ್ಯ ಡೊನಾಲ್ ಥಾಮಸ್‌ಗೆ ನೊಬೆಲ್ ಬಂತಲ್ಲ, ಅದನ್ನೂ ಹೇಳಿದೆ. ಇದ್ದದ್ದನ್ನೆಲ್ಲ ಸುಟ್ಟು ಬೇರೆಯವರ ಕಾಂಡಕೋಶ ತುಂಬುವುದು. "ಗದ್ದೆ ಉತ್ತು ಹೊಸ ಬಿತ್ನೆ" ಅಂದರು, ಆಮೇಲೆ ಸ್ವಲ್ಪ ತಡೆದು, "ಅಲ್ಲಿವರ್ಗೂ ಆ ಜೀವ ತಡ್ಕಬೇಕಲ್ಲವ್ವ."

ಹೋದ ವಾರ ಒಂದು ಟ್ಯೂಬ್ ಬಂತು. ಸಂಖ್ಯೆ ಹಳೆಯದೇ, ಪಕ್ಕದಲ್ಲಿ 'ಮರುಕಳಿಕೆ' ಅಂತ ಬರೆದಿತ್ತು. ಸಾರಜನಕದ ಡಬ್ಬಿಯಲ್ಲಿ ಮೊದಲನೆಯದರ ಪಕ್ಕದ ಗೂಡು ಖಾಲಿ ಇತ್ತು.